ಮೊದಲು ಶಾಲು, ಆಮೇಲೆ ಓಟ

ಇಬ್ರಿಮಾ ನೂರು ಮೀಟರ್ ಓಡುವವನು. ಮುಂಬಯಿಗೆ ಬಂದು ಇಷ್ಟು ವರ್ಷವಾದರೂ ಈ ಒಂದು ಸಂಗತಿಯನ್ನು ಯಾರ ತಲೆಗೂ ಹೊಗಿಸಲು ಅವನಿಂದ ಆಗಿರಲಿಲ್ಲ. ಆಫ್ರಿಕದವನೆಂದರೆ ಕೀನ್ಯಾದವನು, ಕೀನ್ಯಾದವನೆಂದರೆ ಮ್ಯಾರಥಾನ್. "ನಮ್ಮದು ಗಾಂಬಿಯಾ. ನದಿ, ಅದರ ಎರಡು ದಡ, ಅಷ್ಟೇ ದೇಶ. ದೂರ ಓಡಿದರೆ ಪರದೇಶಕ್ಕೇ ಹೋಗಿಬಿಡುತ್ತೇವೆ" ಎಂದು ಮೊದಮೊದಲು ತಮಾಷೆ ಮಾಡುತ್ತಿದ್ದ. ಕೊನೆಗೆ ಅದನ್ನೂ ಬಿಟ್ಟ.

ಕಾಲೇಜಿಗೆಂದು ಬಂದವನು ಓದು ಮುಗಿಸಿ ಗೋರೆಗಾಂವಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಓಟ ಕಲಿಸುತ್ತಿದ್ದ. ವಾಸ ಸಾಂತಾಕ್ರೂಜಿನಲ್ಲಿ, ಉಡುಪಿಯ ವಿನೋದಿನಿಯವರ ಹೋಟೆಲಿನ ಮೇಲಿನ ಕೋಣೆಯಲ್ಲಿ. ಅಡುಗೆಯವರೊಡನೆ ಹರಟಿ ಕನ್ನಡ ಕಲಿತಿದ್ದ. ಇಡ್ಲಿಗೆ ಒಗ್ಗಿದ್ದ, ಲೋಕಲ್‌ನ ನೂಕುನುಗ್ಗಲಿಗೂ ಒಗ್ಗಿದ್ದ. ಭಾಷಣಕ್ಕೆ ಮಾತ್ರ ಒಗ್ಗಿರಲಿಲ್ಲ.

ಆ ವರ್ಷ ಅವನ ದೇಶದ ರಿಲೇ ತಂಡದಲ್ಲಿ ಒಂದು ಜಾಗ ಖಾಲಿಯಾಯಿತು. ತಿಂಗಳು ಮುಗಿಯುವುದರೊಳಗೆ ಯಂತ್ರದಲ್ಲಿ ಅಳೆದ ಅಧಿಕೃತ ಸಮಯ ಕಳಿಸಿದರೆ ನೋಡೋಣ ಎಂದರು ಅಲ್ಲಿಯವರು. ಅವನ ವಯಸ್ಸಿಗೆ ಇದೇ ಕೊನೆಯ ಅವಕಾಶ. ನಗರದ ದೊಡ್ಡ ಕೂಟಗಳೆಲ್ಲ ಮುಗಿದಿದ್ದವು. ಉಳಿದದ್ದು ಹೋಟೆಲಿನವರ ಸಂಘದ ಸುವರ್ಣ ಮಹೋತ್ಸವದ ಕ್ರೀಡಾಕೂಟ ಒಂದೇ. ಸಂಘದವರು ಮೆರವಣಿಗೆಗೆ ಆನೆ ತರಿಸಿದಂತೆ ಸಮಯ ಅಳೆಯುವ ಯಂತ್ರವನ್ನೂ ಅಧಿಕಾರಿಗಳನ್ನೂ ತರಿಸಿದ್ದರು. ವಿನೋದಿನಿ ಸಮಿತಿಯೊಡನೆ ಜಗಳವಾಡಿ ಅವನ ಹೆಸರು ಸೇರಿಸಿದರು.

ಇಬ್ರಿಮಾ ಮೈ ಬಿಸಿ ಮಾಡಿಕೊಂಡು ಗೆರೆಯ ಬಳಿ ನಿಂತಿದ್ದಾಗಲೇ ಮೈಕಿನಲ್ಲಿ ಅವನ ಹೆಸರು ಕೇಳಿಸಿತು. ವೇದಿಕೆಗೆ ಬರಬೇಕಂತೆ. ಹೋದ. ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು, ಪೇಟ ಇಟ್ಟರು, ಹಾರ ಹಾಕಿ ಮಡಿಲಲ್ಲಿ ಹಣ್ಣಿನ ಬುಟ್ಟಿ ಕೂರಿಸಿದರು. ಅಧ್ಯಕ್ಷ ಸುಹಾಸ "ಕೀನ್ಯಾದ ಹೆಮ್ಮೆಯ ಪುತ್ರ" ಎಂದು ಶುರು ಮಾಡಿದರು.

"ಸರ್, ಕಾಲು ತಣ್ಣಗಾಗ್ತದೆ."

"ಒಂದೇ ನಿಮಿಷ ಮಾರಾಯ. ಇನ್ನು ಮೂರೇ ಜನ ಮಾತಾಡ್ಲಿಕ್ಕಿರೋದು."

ಮೂವರೂ ಮಾತಾಡಿದರು. ಮೂರನೆಯವರಿಗೆ ದನಿ ಸಾಲದೆ ಇನ್ನೊಂದು ಜೊತೆ ಸ್ಪೀಕರ್ ತಂದಿಟ್ಟರು. ಕಡೆಗೂ ಬಿಟ್ಟಾಗ ಇಬ್ರಿಮಾ ಪೇಟ ಬಿಸಾಡಿ ಗೆರೆಗೆ ಓಡಿದ. ಗುಂಡು ಹಾರಿತು. ಸಿಟ್ಟೇ ಅವನನ್ನು ಓಡಿಸಿತೆನ್ನಬೇಕು, ಹಿಂದಿನವರು ಬಹಳ ಹಿಂದುಳಿದರು. ಅಂಥ ಓಟ ಎಷ್ಟೋ ದಿನದಿಂದ ಅವನ ಕಾಲಿಗೆ ಬಂದಿರಲಿಲ್ಲ. "ವಿಶ್ವದಾಖಲೆ!" ಎಂದು ಸುಹಾಸ ಮೈಕಿನಲ್ಲಿ ಕೂಗಿದರು.

ಯಂತ್ರದ ಮೇಜಿನ ಬಳಿ ಕುಳಿತಿದ್ದ ಅಧಿಕಾರಿ ಶುಭಾಂಗಿ ತಲೆ ಎತ್ತಲಿಲ್ಲ. "ಟೈಮ್ ಆಯಾ ಹೀ ನಹೀ" ಎಂದಳು. ಸಮಯ ದಾಖಲಾಗಿಯೇ ಇರಲಿಲ್ಲ. ಯಂತ್ರದ ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಸ್ಪೀಕರಿನ ಪ್ಲಗ್ ಇತ್ತು.

ಮತ್ತೆ ಓಡಬಹುದು, ಆದರೆ ಒಬ್ಬನೇ ಓಡಿದರೆ ನಡೆಯುವುದಿಲ್ಲ, ಜೊತೆಗೆ ಇನ್ನಿಬ್ಬರಾದರೂ ಬೇಕು ಎಂದಳು ಅವಳು. ಅಷ್ಟರಲ್ಲಿ ಊಟ ಶುರುವಾಗಿತ್ತು. ನೀರುದೋಸೆ ಬಿಟ್ಟು ಬರುವ ಓಟಗಾರ ಈ ನಗರದಲ್ಲಿ ಹುಟ್ಟಿಲ್ಲ. ವಿನೋದಿನಿ ಸಾಲಿಗೇ ನುಗ್ಗಿ, ತಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಯಲ್ಲಾಲಿಂಗನ ತಟ್ಟೆ ಕಿತ್ತುಕೊಂಡರು.

"ಅಕ್ಕಾರ, ಇನ್ನಾ ಒಂದ್ ತುತ್ತೂ ತಿಂದಿಲ್ರಿ!"

"ಒಳ್ಳೇದಾಯ್ತು. ಹೊಟ್ಟೆ ಹಗುರ ಉಂಟು, ಓಡು. ಮತ್ತೆ ನಮ್ಮ ಅಡುಗೆಯ ನವೀನ ಎಲ್ಲಿ? ಕೈ ತೊಳೆಯೋದು ಬೇಡ, ಓಟಕ್ಕೆ ಕೈ ಎಂತಕ್ಕೆ?"

ಇಬ್ಬರೂ ಬಂದರು, ಒಬ್ಬನ ಬೆರಳಲ್ಲಿ ಚಟ್ನಿ. ಈ ಸಲ ವಿನೋದಿನಿ ಪ್ಲಗ್ಗಿನ ಪಕ್ಕದಲ್ಲೇ ಕುರ್ಚಿ ಹಾಕಿ ಕುಳಿತರು. ಇಬ್ರಿಮಾ ಗೆದ್ದ, ಸಮಯವೂ ಬಂತು. ಆದರೆ ಮೊದಲ ಓಟ ಕಾಲಿನಿಂದ ತೆಗೆದುಕೊಂಡದ್ದನ್ನು ಎರಡನೆಯದು ಹಿಂದಕ್ಕೆ ಕೊಡಲಿಲ್ಲ. ಆ ಸಮಯಕ್ಕೆ ಸಿಕ್ಕಿದ್ದು ಮೀಸಲು ಓಟಗಾರನ ಜಾಗ.

ತಂಡದೊಡನೆ ಪಂದ್ಯಕ್ಕೆ ಹೋದ. ಬೆಂಚಿನಲ್ಲಿ ಕುಳಿತ. ತಂಡದ ನಾಲ್ವರೂ ಗಟ್ಟಿಮುಟ್ಟಾಗಿದ್ದರು, ಒಬ್ಬನಿಗೂ ಹೊಟ್ಟೆನೋವು ಸಹ ಬರಲಿಲ್ಲ. ಅವನ ಓಟದ ಬದುಕು ಅಲ್ಲಿಗೆ ಮುಗಿಯಿತು.

ಮರಳಿ ಬಂದ ಮರುದಿನ ಬೆಳಿಗ್ಗೆ ಸುಹಾಸ ಹೋಟೆಲಿಗೆ ಬಂದರು. ಕಂಕುಳಲ್ಲಿ ಪೊಟ್ಟಣ.

"ಸಂಘದಿಂದ ನಿನಗೆ ಸನ್ಮಾನ ಅಂತ ಪಾಸ್ ಆಗಿದೆ ಮಾರಾಯ."

"ನಾನು ಓಡಲೇ ಇಲ್ಲ ಸರ್."

"ಅದಕ್ಕೇನು? ಹೋಗಿ ಬಂದೆಯಲ್ಲ!"

ಇಬ್ರಿಮಾ ಪೊಟ್ಟಣ ಬಿಚ್ಚಿ, ಗಲ್ಲಾದ ಮುಂದೆ ನಿಂತು ತಾನೇ ಶಾಲು ಹೊದ್ದುಕೊಂಡ. "ಆಯ್ತು. ಭಾಷಣ ಬೇಡ. ಶಾಲೆಯಲ್ಲಿ ಮಕ್ಕಳು ಕಾಯ್ತಾರೆ" ಎಂದು ಸ್ಟೇಷನ್ನಿನ ಕಡೆ ಹೊರಟ. ಲೋಕಲ್ ಬರುವ ಸದ್ದು ಕೇಳಿಸುತ್ತಿತ್ತು. ಅವನು ಓಡಲಿಲ್ಲ.