ಉಪವಾಸದ ವಾರದಲ್ಲಿ ಮೇಕೆ ಹಾಲು

ಸೂರ್ಯ ಇನ್ನೂ ಬಂದರಿನ ಆಚೆಯ ಗುಡ್ಡ ಹತ್ತಿಲ್ಲ. ಅರ್ಗಿರೊ ಚಿಕ್ಕಮ್ಮನ ಅಡುಗೆಮನೆಯಲ್ಲಿ ಸೌದೆ ಒಲೆ ಆಗಲೇ ಕಾವೇರಿದೆ. ಒಲೆಯ ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ, ಬಿಸಿನೀರು ತುಂಬಿ ಟವೆಲ್ ಸುತ್ತಿದ ಬಾಟಲಿಗೆ ಒತ್ತಿಕೊಂಡು ನಾಲ್ಕು ಬೆಕ್ಕಿನ ಮರಿಗಳು ಮಲಗಿವೆ. ಕಣ್ಣು ಬಿಟ್ಟಿಲ್ಲ, ಕಿವಿ ತಲೆಗೆ ಅಂಟಿಕೊಂಡೇ ಇದೆ. ಚಿಕ್ಕಮ್ಮ ಒಂದನ್ನು ಎತ್ತಿ ತೊಡೆಯ ಮೇಲೆ ಹೊಟ್ಟೆ ಕೆಳಗಾಗಿ ಮಲಗಿಸುತ್ತಾರೆ. ಪುಟ್ಟ ಶೀಶೆ ಓರೆ ಮಾಡಿ ಮಣಿಕಟ್ಟಿನ ಮೇಲೆ ಒಂದು ಹನಿ ಹಾಲು ಬೀಳಿಸಿ ಬಿಸಿ ನೋಡುತ್ತಾರೆ. ಆಮೇಲೆ ಆ ಹನಿಯನ್ನು ಏಪ್ರನ್ನಿಗೆ ಒರೆಸಿಬಿಡುತ್ತಾರೆ. ನೆಕ್ಕುವುದಿಲ್ಲ. ಇವತ್ತು ಈಸ್ಟರ್ ಹಿಂದಿನ ಗುರುವಾರ. ನಮ್ಮ ದ್ವೀಪದಲ್ಲಿ ಈ ವಾರ ದೊಡ್ಡವರ ಬಾಯಿಗೆ ಹಾಲು, ಮೊಟ್ಟೆ, ಮಾಂಸ ಯಾವುದೂ ತಾಕುವಂತಿಲ್ಲ.

ಮೂರು ಮರಿಗಳು ರಬ್ಬರ್ ತೊಟ್ಟಿಗೆ ಬಾಯಿಟ್ಟರೆ ಬಿಡುವುದೇ ಇಲ್ಲ. ಕುಡಿಯುತ್ತ ಮುಂಗಾಲಿನಿಂದ ಚಿಕ್ಕಮ್ಮನ ಬೆರಳನ್ನು ಒತ್ತುವುದು ನೋಡಿ ನನಗೆ ಕುಣಿಯುವಷ್ಟು ಖುಷಿ. ಕುಡಿದಾದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಸವರಬೇಕು. ತಾಯಿಯ ನಾಲಿಗೆ ಮಾಡುವ ಕೆಲಸವನ್ನು ಹತ್ತಿ ಮಾಡದಿದ್ದರೆ ಈ ವಯಸ್ಸಿನ ಮರಿಗೆ ಉಚ್ಚೆಯೂ ಆಗುವುದಿಲ್ಲ. ಹತ್ತಿ ಹಳದಿಯಾದರೆ ಚಿಕ್ಕಮ್ಮನ ಮುಖ ಅರಳುತ್ತದೆ.

ನಾಲ್ಕನೆಯದು ಕರಿಯದು, ಎಲ್ಲಕ್ಕಿಂತ ಸಣ್ಣದು. ಅದು ಚೀಪುವುದಿಲ್ಲ. ಸೋಮವಾರ ಸಿಕ್ಕಾಗಿನಿಂದ ಒಂದು ಸಲವೂ ಕೂಗಿಲ್ಲ. ಅದಕ್ಕೆ ಶೀಶೆಯ ಬದಲು ಔಷಧಿಯ ಡ್ರಾಪರಿನಿಂದ ಹನಿಹನಿಯಾಗಿ ತುಟಿಯಂಚಿಗೆ ಹಾಲು ತಾಕಿಸುತ್ತ, ನುಂಗುವುದನ್ನು ಗಂಟಲ ಮೇಲೆ ಬೆರಳಿಟ್ಟು ನೋಡುತ್ತ ಚಿಕ್ಕಮ್ಮ ಕಾಯುತ್ತಾರೆ.

“ಮಿಕ್ಕಿದ್ರದ್ದು ನನಗೆ ಯೋಚನೆ ಇಲ್ಲ” ಎನ್ನುತ್ತಾರೆ. “ಇದು ಒಂದ್ಸಲ ಹೊಟ್ಟೆ ಹಸೀತಿದೆ ಅಂತ ಕೂಗ್ಬೇಕು. ಕೂಗೋ ಮರಿ ಬದುಕತ್ತೆ ಕಣೆ. ಸುಮ್ಮನಿರೋದೇ ಭಯ.”

ಅರ್ಗಿರೊ ಚಿಕ್ಕಮ್ಮ ನಮ್ಮ ಓಣಿಯ ಚರ್ಚಿನ ಕಸ ಗುಡಿಸುವವರು, ಎಣ್ಣೆ ದೀಪ ಹಚ್ಚುವವರು. ಅದಕ್ಕೂ ಮೊದಲು ಬಂದರಿನ ಊಟದ ಮನೆಯಲ್ಲಿ ಬಹಳ ವರ್ಷ ಅಡುಗೆ ಮಾಡಿದವರು. ಆ ಕಾಲದ ಬಗ್ಗೆ ಅವರಿಗೆ ಒಂದೇ ಜಂಬ: ತಾವು ರುಚಿ ನೋಡದೆ ಒಂದೇ ಒಂದು ತಟ್ಟೆಯೂ ಹೊರಗೆ ಹೋಗಿಲ್ಲವಂತೆ. ಆ ಅಡುಗೆಮನೆಯ ಹಿಂಬಾಗಿಲಿಗೆ ಬರುತ್ತಿದ್ದ ಬೆಕ್ಕುಗಳಿಂದಲೇ ಈ ಇನ್ನೊಂದು ಕೆಲಸ ಅಂಟಿಕೊಂಡಿತು. ಮೊದಲ ಮರಿಗೆ ಹಸುವಿನ ಹಾಲು ಕೊಟ್ಟು, ಭೇದಿಯಾಗಿ ಅದು ಸತ್ತುಹೋಯಿತು ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಎರಡನೆಯದು ತಣ್ಣಗಾಗಿತ್ತು. ಮೈ ಬಿಸಿ ಮಾಡದೆ ಹಾಲು ಕೊಟ್ಟರು, ಅದೂ ಹೋಯಿತು. ಅಲ್ಲಿಂದ ಮೊದಲು ಕಾವು, ಆಮೇಲೆ ಹಾಲು. ಇವತ್ತು ಮೀನಿನ ಅಂಗಡಿಯ ಝಫೀರಿಸ್ ತನ್ನದೆಂದು ಮೆರೆಸುವ ಕೆಂಚು ಗಂಡು ಬೆಕ್ಕಿನಿಂದ ಹಿಡಿದು ಬಂದರಿನ ಅರ್ಧ ಬೆಕ್ಕುಗಳು ಈ ಒಲೆಯ ಪಕ್ಕದಲ್ಲಿ ಕಣ್ಣು ಬಿಟ್ಟವೇ. ಪಾಪ, ಝಫೀರಿಸ್‌ಗೆ ಅದು ಗೊತ್ತಿಲ್ಲ.

ಈ ನಾಲ್ಕರ ತಾಯಿ ಗ್ಯಾಸ್ ಸಿಲಿಂಡರ್ ತರುವ ಲಾರಿಗೆ ಸಿಕ್ಕಿತು. ಮರಿಗಳು ಬಲೆ ಇಡುವ ಕೊಟ್ಟಿಗೆಯಲ್ಲಿದ್ದವು. ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿಯನ್ನು ಪಟ್ಟಣದ ಪಶುವೈದ್ಯೆ ಹಡಗಿನಲ್ಲಿ ಕಳಿಸುತ್ತಾರೆ. ಆದರೆ ಭಾನುವಾರದಿಂದ ಗಾಳಿ ಎದ್ದು ಹಡಗೇ ಬಂದಿಲ್ಲ. ಪುಡಿ ಬರುವ ತನಕ ಮೇಕೆ ಹಾಲಿನಲ್ಲಿ ಸುಧಾರಿಸಿ ಎಂದು ವೈದ್ಯೆ ಫೋನಿನಲ್ಲಿ ಹೇಳಿದರು. ಚಿಕ್ಕಮ್ಮ ಪಾತ್ರೆ ಹಿಡಿದು ಮೇಕೆ ಸಾಕುವವನ ಮನೆಗೆ ಹೋದರು. ರಗಳೆ ಶುರುವಾದದ್ದು ಅಲ್ಲಿಂದ.

ಯಾಕೆಂದರೆ ಅದನ್ನು ನನ್ನ ಅತ್ತೆ ಕಲ್ಲಿರ್ರೋಯಿ ನೋಡಿಬಿಟ್ಟರು. ದೀಪ ಹಚ್ಚುವ ಹೆಂಗಸು ಪವಿತ್ರ ವಾರದಲ್ಲಿ ಪಾತ್ರೆ ತುಂಬ ಹಾಲು ಒಯ್ದಳು ಎಂಬ ಸುದ್ದಿ ಸಂಜೆಯೊಳಗೆ ಓಣಿಯ ಎರಡೂ ತುದಿ ಮುಟ್ಟಿತು. ಗುರುವಾರದ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಹೆಂಗಸರು ಶುಕ್ರವಾರದ ಮೆರವಣಿಗೆಗೆಂದು ಯೇಸುವಿನ ಚಟ್ಟಕ್ಕೆ ಹೂವು ಹೊಲಿಯುತ್ತಾರೆ. ಮೊದಲ ಹೂವು ಪ್ರತಿವರ್ಷ ಅರ್ಗಿರೊ ಚಿಕ್ಕಮ್ಮನದೇ. ಈ ಸಲ ಅವಳ ಕೈಗೆ ಸೂಜಿ ಕೊಡುವುದಿಲ್ಲ ಎಂದು ಅತ್ತೆ ಸಾರಿದ್ದಾರೆ.

ಒಂದು ಮಾತು ಹೇಳಿಬಿಟ್ಟರೆ ಮುಗಿಯಿತಲ್ಲ ಎಂದು ನಾನು ಚಿಕ್ಕಮ್ಮನನ್ನು ಕೇಳುತ್ತೇನೆ. ಅವರು ಬೇಡವೆಂದು ತಲೆಯಾಡಿಸುತ್ತಾರೆ. ಬಹಳ ವರ್ಷಗಳ ಹಿಂದೆ ಒಮ್ಮೆ ಹೇಳಿದ್ದರಂತೆ. ಓಣಿಯೇ ನುಗ್ಗಿತು. ಯಾರೋ ಪ್ರೀತಿಯಿಂದ ಮರಿಯನ್ನು ಮಗುವಿನಂತೆ ಅಂಗಾತ ಹಿಡಿದು ಕುಡಿಸಿದರು, ಹಾಲು ಶ್ವಾಸಕ್ಕೆ ಹೋಗಿ ಅದು ಕೈಯಲ್ಲೇ ಸತ್ತಿತು.

“ಸೂಜಿ ಹೋದ್ರೆ ಹೋಗ್ಲಿ, ನೋವಾಗತ್ತೆ, ಸುಳ್ಳು ಹೇಳಲ್ಲ. ಆದ್ರೆ ಈ ಕರಿಯ ಕೂಗೋ ತನಕ ಯಾರಿಗೂ ಹೇಳಲ್ಲ. ನೀನೂ ಬಾಯಿ ಬಿಡ್ಬೇಡ.”

ನಾನು ಬಾಯಿ ಬಿಡುವುದಿಲ್ಲ. ಮೊಟ್ಟೆಗೆ ಕೆಂಪು ಬಣ್ಣ ಹಾಕಲು ಈರುಳ್ಳಿ ಸಿಪ್ಪೆ ತರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಬಂದವಳು ನಾನು. ಬರಿಗೈಯಲ್ಲಿ ಹಿಂದಿರುಗಿದ್ದಕ್ಕೆ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ.

ಸಂಜೆಯ ಪ್ರಾರ್ಥನೆಯಲ್ಲಿ ಹನ್ನೆರಡು ಸುವಾರ್ತೆಗಳನ್ನು, ಅಂದರೆ ಯೇಸುವಿನ ಕೊನೆಯ ದಿನಗಳ ಹನ್ನೆರಡು ಪಾಠಗಳನ್ನು, ಓದುತ್ತಾರೆ, ಕಾಲು ಸೋತುಹೋಗುವಷ್ಟು ಉದ್ದ. ಮೂರು ಮರಿಗಳು ಹೊಟ್ಟೆ ತುಂಬಿಸಿಕೊಂಡು ಮನೆಯಲ್ಲಿ ಮಲಗಿವೆ. ಕರಿಯನನ್ನು ಅಷ್ಟು ಹೊತ್ತು ಬಿಡುವ ಹಾಗಿಲ್ಲ. ಅದನ್ನು ಉಣ್ಣೆಯ ಕಾಲುಚೀಲದೊಳಗೆ ಹಾಕಿ, ಚೀಲವನ್ನು ರವಿಕೆಯೊಳಗೆ ಇಟ್ಟುಕೊಂಡು, ಹಾಲಿನ ಶೀಶೆಯನ್ನು ಕಂಕುಳಲ್ಲಿ ಬೆಚ್ಚಗೆ ಅವುಚಿಕೊಂಡು ಚಿಕ್ಕಮ್ಮ ಮೇಣದ ಬತ್ತಿಯ ಕಟ್ಟೆಯ ಪಕ್ಕ ನಿಂತಿದ್ದಾರೆ. ಕರಗಿದ ಬತ್ತಿ ಕೀಳುತ್ತಾರೆ, ಒಂದು ಕೈ ಎದೆಯ ಮೇಲೇ ಇದೆ. ಭಕ್ತಿಯ ನಾಟಕ ನೋಡು ಎಂದು ಅತ್ತೆ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾರೆ.

ಐದನೆಯ ಸುವಾರ್ತೆ ಮುಗಿಯುತ್ತದೆ. ದೀಪಗಳನ್ನು ಆರಿಸುತ್ತಾರೆ. ಪಾದ್ರಿ ಪ್ರೊಕೋಪಿಸ್ ದೊಡ್ಡ ಶಿಲುಬೆ ಹೊತ್ತು ಕತ್ತಲಲ್ಲಿ ನಡೆದು ಬಂದು ಅದನ್ನು ನಡುವೆ ನಿಲ್ಲಿಸುತ್ತಾರೆ. ಊರಿಗೆ ಊರೇ ಉಸಿರು ಬಿಗಿಹಿಡಿದ ಹೊತ್ತು ಅದು.

ಆಗ ಕೇಳುತ್ತದೆ. ಮೊದಲು ತುಕ್ಕು ಹಿಡಿದ ಬಾಗಿಲು ಕಿರುಗುಟ್ಟಿದ ಹಾಗೆ, ಆಮೇಲೆ ಜೋರಾಗಿ, ಇನ್ನೂ ಜೋರಾಗಿ. ಅಂಗೈಯಲ್ಲಿ ಅರ್ಧ ಜಾಗವನ್ನೂ ತುಂಬದ ಪ್ರಾಣಿ ಇಡೀ ಚರ್ಚು ತುಂಬುವ ಹಾಗೆ ಕೂಗುತ್ತಿದೆ. ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ನನಗೇ ತಿಳಿಯದು. ಕತ್ತಲಲ್ಲಿ ಗುಸುಗುಸು ಏಳುತ್ತದೆ. ಯಾರೋ ಮೇಣದ ಬತ್ತಿ ಹಚ್ಚುತ್ತಾರೆ. ಚಿಕ್ಕಮ್ಮ ಕಲ್ಲಾಗಿ ನಿಂತಿದ್ದಾರೆ, ಅವರ ರವಿಕೆಯೊಳಗಿಂದ ಒಂದು ಪುಟ್ಟ ಕರಿ ತಲೆ ಹೊರಗೆ ಬಂದಿದೆ.

ಪಾದ್ರಿ ಶಿಲುಬೆಯ ಪಕ್ಕದಿಂದಲೇ ತಿರುಗಿ ನೋಡುತ್ತಾರೆ. ಗಡ್ಡ ಸವರಿಕೊಳ್ಳುತ್ತಾರೆ.

“ಇನ್ನೂ ಏಳು ಸುವಾರ್ತೆ ಇದೆ ಅರ್ಗಿರೊ. ಅದು ಅಷ್ಟು ಹೊತ್ತು ತಡೆಯಲ್ಲ. ಕುಡಿಸಮ್ಮ, ನಾವು ನಿಂತಿರ್ತೀವಿ.”

ಚಿಕ್ಕಮ್ಮ ಅಲ್ಲೇ ಕುರ್ಚಿಯ ಮೇಲೆ ಕೂರುತ್ತಾರೆ. ಅಭ್ಯಾಸ ಬಲದಿಂದ ಶೀಶೆ ಓರೆ ಮಾಡಿ ಮಣಿಕಟ್ಟಿನ ಮೇಲೆ ಒಂದು ಹನಿ ಬೀಳಿಸುತ್ತಾರೆ. ಅದನ್ನು ಕರಿ ಲಂಗಕ್ಕೆ ಒರೆಸುತ್ತಾರೆ. ಎಲ್ಲರೂ ನೋಡುತ್ತಾರೆ, ನನ್ನ ಅತ್ತೆಯೂ. ಮರಿ ತೊಟ್ಟು ಹುಡುಕುತ್ತದೆ, ತಪ್ಪುತ್ತದೆ, ಮತ್ತೆ ಹುಡುಕುತ್ತದೆ, ಹಿಡಿಯುತ್ತದೆ. ಚೀಪುತ್ತದೆ! ಶೀಶೆಯೊಳಗೆ ಗುಳ್ಳೆ ಏಳುವುದು ಹಿಂದಿನ ಸಾಲಿನ ನನಗೂ ಕಾಣುತ್ತದೆ.

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗುತ್ತಾರೆ. “ಓಹೋ. ಇದೇನಾ ನಿನ್ನ ಈರುಳ್ಳಿ ಸಿಪ್ಪೆ?”

ಪ್ರಾರ್ಥನೆ ಮುಗಿದು ಹೆಂಗಸರು ಹೂಬುಟ್ಟಿಗಳ ಸುತ್ತ ಕೂರುವಾಗ ಚಿಕ್ಕಮ್ಮ ಬಾಗಿಲ ಬಳಿಯೇ ನಿಲ್ಲುತ್ತಾರೆ, ಹೊರಡುವವರ ಹಾಗೆ. ಅತ್ತೆ ಎದ್ದು ಹೋಗುತ್ತಾರೆ. ಕ್ಷಮೆ ಕೇಳುವುದು ನಮ್ಮ ಅತ್ತೆಯ ಜಾಯಮಾನದಲ್ಲೇ ಇಲ್ಲ, ಈಗಲೂ ಕೇಳುವುದಿಲ್ಲ. ಕೈ ಚಾಚುತ್ತಾರೆ.

“ಕೊಡು ಇಲ್ಲಿ ಅದನ್ನ. ಹೆಂಗೆ ಹಿಡೀಬೇಕು ತೋರ್ಸು. ನಿನ್ನ ಕೈ ಸೂಜಿಗೆ ಬೇಕು.”

ಚಿಕ್ಕಮ್ಮ ತೋರಿಸುತ್ತಾರೆ, ಹೊಟ್ಟೆ ಕೆಳಗೆ, ತಲೆ ಸ್ವಲ್ಪ ಮೇಲೆ, ಎದೆಗೆ ಒತ್ತಿ. ನನ್ನ ಅತ್ತೆ ಕಾಲುಚೀಲವನ್ನು ತಮ್ಮ ರವಿಕೆಯೊಳಗೆ ಇಳಿಸಿಕೊಂಡು, ಹೂವು ಹೊಲಿದು ಮುಗಿಯುವ ತನಕ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಾರೆ. ಮೊದಲ ಹೂವು, ನೇರಳೆ ಬಣ್ಣದ್ದು, ಅರ್ಗಿರೊ ಚಿಕ್ಕಮ್ಮನದೇ.

ಇವತ್ತು ಭಾನುವಾರ, ಈಸ್ಟರ್. ಬೆಳ್ಳಂಬೆಳಗ್ಗೆ ನಾನು ಮತ್ತೆ ಅದೇ ಒಲೆಯ ಮುಂದಿದ್ದೇನೆ. ಕೆಂಪು ಮೊಟ್ಟೆ ತಂದಿದ್ದೇನೆ, ಕರಿಯ ದೊಡ್ಡದಾದ ಮೇಲೆ ತನಗೇ ಬೇಕೆಂಬ ಅತ್ತೆಯ ಅಪ್ಪಣೆಯನ್ನೂ ತಂದಿದ್ದೇನೆ. ಗಾಳಿ ತಗ್ಗಿದೆ, ಹಡಗು ನಾಳೆ ಬರುತ್ತದಂತೆ. ಈಗ ನಾಲ್ಕೂ ಕೂಗುತ್ತಿವೆ, ಕರಿಯನದೇ ಜೋರು. ನಿಮಗೆ ಇನ್ನೇನು ಬೇಕು ಚಿಕ್ಕಮ್ಮ ಎಂದು ಕೇಳುತ್ತೇನೆ. ಲಾರಿಯವನು ಓಣಿಯಲ್ಲಿ ನಿಧಾನ ಬರಲಿ, ಅಷ್ಟೇ ಸಾಕು ಎನ್ನುತ್ತಾರೆ.

ಶೀಶೆ ಓರೆ ಮಾಡಿ ಮಣಿಕಟ್ಟಿನ ಮೇಲೆ ಒಂದು ಹನಿ ಬೀಳಿಸುತ್ತಾರೆ. ಒರೆಸಲು ಕೈ ಹೋಗುತ್ತದೆ, ಅರ್ಧದಲ್ಲಿ ನಿಲ್ಲುತ್ತದೆ. ಉಪವಾಸ ಮುಗಿದಿದೆ ಎಂಬುದು ಅವರಿಗೆ ಆಗ ನೆನಪಾಗುತ್ತದೆ. ಮಣಿಕಟ್ಟನ್ನು ಬಾಯಿಯ ಹತ್ತಿರ ತಂದು ಆ ಹನಿಯನ್ನು ನೆಕ್ಕಿ, ಕಣ್ಣು ಮುಚ್ಚಿ, ಹಳೆಯ ಅಡುಗೆಯವರ ಗತ್ತಿನಲ್ಲಿ ನಾಲಿಗೆ ಚಪ್ಪರಿಸುತ್ತಾರೆ.

“ಚೆನ್ನಾಗಿದೆ” ಎನ್ನುತ್ತಾರೆ. “ಜೀವಮಾನದಲ್ಲಿ ಇದೇ ಮೊದಲು ಕಣೆ, ಹೀಗೆ ವಾರವಿಡೀ ರುಚಿ ನೋಡ್ದೆ ಬಡಿಸಿದ್ದು.”