ಅವ್ವನ ಪದ ಕಸಿದುಕೊಂಡ ರೇಡಿಯೋ

ನಾನು ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದಷ್ಟು ಚಿಕ್ಕವನಿದ್ದಾಗ, ಕಕ್ಕೇರಾದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಬೀಸುಕಲ್ಲಿನ ಸದ್ದಿಗೆ. ಅವ್ವ ಜೋಳ ಬೀಸುತ್ತ ಪದ ಹಾಡುವಳು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದೆ. ಬೆಚ್ಚಗಿನ ಹಿಟ್ಟಿನ ವಾಸನೆ ಮೂಗಿಗೆ, ಕಲ್ಲಿನ ನಡುಕ ಕೆನ್ನೆಗೆ. ಆ ಪದ ಕೇಳದೆ ನಾನು ಕಣ್ಣೇ ಬಿಡುತ್ತಿರಲಿಲ್ಲ.

ಆಗ ನಮ್ಮ ಸೀಮೆಗೆ ಹೊಸದಾಗಿ ಬಾನುಲಿ ಕೇಂದ್ರ ಬಂದಿತ್ತು. ಅದುವರೆಗೆ ರೇಡಿಯೋದಲ್ಲಿ ಬರೀ ದೂರದವರ ಹಾಡು. ಇನ್ನು ಮೇಲೆ ನಮ್ಮ ಹಳ್ಳಿಗಳ ಪದವೂ ಬರಬೇಕು ಎಂದು ಅಲ್ಲಿಯವರು ಊರೂರು ವಿಚಾರಿಸುತ್ತ ಬಂದು ಅವ್ವನನ್ನು ಕರೆದರು. ಅವ್ವ ಅಕ್ಕನನ್ನು ಕರೆದುಕೊಂಡು ಬಸ್ಸು ಹತ್ತಿದಳು. ನನ್ನನ್ನು ಬಿಟ್ಟು ಹೋದಳು ನೋಡಿ, ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮರುದಿನ ಬಂದಾಗ ಅವಳ ಗಂಟಲು ಕಟ್ಟಿತ್ತು. ಅಲ್ಲಿ ಬೀಸುಕಲ್ಲು ಇರಲಿಲ್ಲವಂತೆ. ಕುರ್ಚಿಯ ಮೇಲೆ ಕೂರಿಸಿ ಹಾಡಿರಿ ಎಂದರೆ ಪದವೇ ನೆನಪಾಗಲಿಲ್ಲವಂತೆ. ಕೊನೆಗೆ ನೆಲಕ್ಕಿಳಿದು, ಬರಿಗೈಯಲ್ಲಿ ಇಲ್ಲದ ಕಲ್ಲು ತಿರುವುತ್ತ, ಅವರು ಸಾಕೆನ್ನುವವರೆಗೆ ಹಾಡಿದಳಂತೆ. ಅಕ್ಕ ಇದನ್ನು ಹೇಳಿ ಬಿದ್ದು ಬಿದ್ದು ನಕ್ಕಳು. ನನಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಕಲ್ಲಿಲ್ಲದೆ ಬೀಸುವುದು ಹೇಗೆ? ಗಂಟಲು ಕಟ್ಟಿದ್ದರಿಂದ ಆಮೇಲೆ ದಿನವೂ ಬೆಳಿಗ್ಗೆ ಅವ್ವ ಸುಮ್ಮನೆ ಬೀಸತೊಡಗಿದಳು, ಪದವಿಲ್ಲ.

ಹೀಗಿರುವಾಗ ಒಂದು ಸಂಜೆ, ಪಕ್ಕದ ಮನೆಯ ದರ್ಜಿ ಚಾಚಾ ತಮ್ಮ ರೇಡಿಯೋ ತಂದು ಕಟ್ಟೆಯ ಮೇಲಿಟ್ಟರು. ಓಣಿಯೆಲ್ಲ ಸೇರಿತು. ಗೊರಗೊರ ಎನ್ನುತ್ತಿದ್ದ ಪೆಟ್ಟಿಗೆ ಇದ್ದಕ್ಕಿದ್ದಂತೆ ಅವ್ವನ ಪದ ಹಾಡತೊಡಗಿತು. ಅವ್ವನೋ, ನನ್ನ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ! ಪೆಟ್ಟಿಗೆ ನೋಡಿದೆ, ಅವ್ವನ ಬಾಯಿ ನೋಡಿದೆ, ತಲೆ ಗಿರ್ರೆಂದಿತು. ಅಂದರೆ ಪದ ಅಲ್ಲೇ ಉಳಿದುಬಿಟ್ಟಿದೆ, ಅದಕ್ಕೇ ಮನೆಯಲ್ಲಿ ಹಾಡುತ್ತಿಲ್ಲ. ಅವ್ವನ ಗಂಟಲು ಮುಟ್ಟಿ ನೋಡಿ ಹೋ ಎಂದು ಅತ್ತೆ.

“ಅವ್ವನ ಪದ ಅವ್ರು ಕಸ್ಕೊಂಡಾರ. ವಾಪಸ್ ಇಸ್ಕೊಂಡ್ ಬಾ ಅಪ್ಪಾ.”

ಅಪ್ಪ ಬಿಡಿಸಿ ಹೇಳಲು ಹೋದ. ಟೇಪು ಅಂದ, ತಂತಿ ಅಂದ, ಅವನಿಗೇ ಗೊಂದಲವಾಯಿತು. ಅವ್ವ ನನ್ನನ್ನು ಎತ್ತಿಕೊಂಡು ಒಳಗೆ ಹೋಗಿ ಬೀಸುಕಲ್ಲಿನ ಮುಂದೆ ಕೂತಳು.

“ಎಲ್ಲಿ ಹೋಗ್ತದೋ ಹುಚ್ಚಾ, ಇಲ್ಲೇ ಅದ” ಎಂದು ಒಡೆದ ದನಿಯಲ್ಲೇ ಶುರು ಮಾಡಿದಳು. ಹೊರಗೊಬ್ಬ ಅವ್ವ, ಒಳಗೊಬ್ಬ ಅವ್ವ. ಹೊರಗಿನವಳು ಮುಗಿಸಿದ ಮೇಲೂ ಒಳಗಿನವಳು ಹಾಡುತ್ತಲೇ ಇದ್ದಳು. ನನ್ನ ಬೆರಳು ಅವಳ ಗಂಟಲ ಮೇಲೇ ಇತ್ತು.

ಮಕ್ಕಳೇ, ನಿಮಗೆ ಇದೆಲ್ಲ ತಮಾಷೆ. ಬೇಕೆಂದಾಗ ಹಾಡು ಫೋನಿನಲ್ಲಿ ಬರುತ್ತದೆ, ಬೇಡವೆಂದರೆ ನಿಲ್ಲುತ್ತದೆ. ಅವ್ವನ ಪದವನ್ನೂ ಅದರಲ್ಲಿ ಹುಡುಕಿದಿರಿ, ಸಿಗಲಿಲ್ಲ. ಕೊನೆಗೆ ಮೊನ್ನೆ ನನ್ನಿಂದಲೇ ಹಾಡಿಸಿ ಫೋನಿಗೆ ತುಂಬಿಕೊಂಡಿರಿ. ಅದನ್ನು ಹಚ್ಚಿದಾಗ ನಿಮ್ಮೆಲ್ಲರಲ್ಲಿ ಚಿಕ್ಕವಳು ಫೋನು ನೋಡಿದಳು, ನನ್ನ ಬಾಯಿ ನೋಡಿದಳು, ಮೆಲ್ಲಗೆ ಬಂದು ನನ್ನ ಗಂಟಲು ಮುಟ್ಟಿದಳು. ನೀವೆಲ್ಲ ನಕ್ಕಿರಿ. ನಾನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲಿಂದ ಮತ್ತೆ ಹಾಡಿದೆ.