ಬಸಮ್ಮನ ಹೆಸರಿನ ಮುಂದಿನ ಹಸಿರು

ಲಷ್ಕರ್ ಮೊಹಲ್ಲಾದ ನಮ್ಮ ಬೀದಿಯಲ್ಲಿ ರುದ್ರಸ್ವಾಮಿಯವರನ್ನು ನಾವೆಲ್ಲ ಬಹಳ ಕಾಲ ಡಾಕ್ಟರೆಂದೇ ನಂಬಿದ್ದೆವು. ತಪ್ಪು ಅವರ ಗಂಟಲಿನದು. ಟೀ ಅಂಗಡಿ ಮುಂದೆ ನಿಂತು ಫೋನಿನಲ್ಲಿ, "ಉಸಿರು ಎಳೆಯೋವಾಗ ಸದ್ದು ಬರ್ತಿದ್ಯಾ? ನಾಳೆ ಬೆಳಿಗ್ಗೆ ಬಿಚ್ಚಿಬುಡಿ" ಎಂದು ಗದರುವವರನ್ನು ಇನ್ನೇನೆಂದು ತಿಳಿಯಬೇಕು? ಎದುರುಮನೆಯ ಚಾಮುಂಡಮ್ಮನವರು ಮಂಡಿನೋವಿಗೆ ಮದ್ದು ಕೇಳಿದಾಗ, "ಎಣ್ಣೆ ಬುಡಿ, ಸ್ವಲ್ಪ ದಿನ ಲೋಡ್ ಹಾಕ್ಬೇಡಿ" ಎಂದು ಗಂಭೀರವಾಗಿ ಹೇಳಿಯೂ ಇದ್ದರು. ನೋವು ಇಳಿಯಿತೆಂದು ಆಕೆ ಒಂದು ಚಿಪ್ಪು ಬಾಳೆಹಣ್ಣು ತಂದುಕೊಟ್ಟರೆ, ಬೇಡವೆನ್ನಲಿಲ್ಲ.

ಅಸಲಿಗೆ ಅವರು ಬನ್ನಿಮಂಟಪದ ಅಗರಬತ್ತಿ ಕಂಪನಿಯೊಂದರ ಆಫೀಸಿನಲ್ಲಿ ಕೂತು, ಇಲವಾಲದ ಕಾರ್ಖಾನೆಯ ಯಾವ ಯಂತ್ರಕ್ಕೆ ಯಾವಾಗ ಸರ್ವಿಸ್ ಎಂದು ಎಕ್ಸೆಲ್ ಹಾಳೆಯಲ್ಲಿ ಬಣ್ಣ ತುಂಬುತ್ತಿದ್ದ ಗುಮಾಸ್ತರು. ಹಾಳೆ ತಾನಾಗಿ ಯಾರಿಗೂ ಏನೂ ಹೇಳುವುದಿಲ್ಲವಾದ್ದರಿಂದ ಸೋಮವಾರಗಳಂದು ಅವರೇ ಫೋನ್ ಮಾಡಬೇಕಿತ್ತು. ಕಂಪ್ರೆಸರ್ ವಿಭಾಗದಲ್ಲಿ ಫೋನ್ ಎತ್ತುತ್ತಿದ್ದವರು ಬಸಮ್ಮ. ವರ್ಷಕ್ಕೊಮ್ಮೆ ಆಯುಧಪೂಜೆಯಲ್ಲಿ ಮುಖದರ್ಶನ, ಉಳಿದದ್ದೆಲ್ಲ ಫೋನಿನಲ್ಲೇ.

"ಕಂಪ್ರೆಸರ್ ಹೆಂಗಿದೆ ಬಸಮ್ಮ?"

"ಅದಕ್ಕೇನ್ ಬಂದದೆ, ಗುಂಡ್ಕಲ್ಲಂಗದೆ. ನೀವ್ ಉಂಡ್ರಾ? ಇವತ್ತೂ ಓಟ್ಲೇನಾ?"

ಹೆಂಡತಿ ತೀರಿಕೊಂಡ ಮೇಲೆ ರುದ್ರಸ್ವಾಮಿಯವರನ್ನು ಉಂಡಿರಾ ಎಂದು ಕೇಳುತ್ತಿದ್ದದ್ದು ಇಡೀ ಮೈಸೂರಿನಲ್ಲಿ ಆ ಕಂಪ್ರೆಸರ್ ವಿಭಾಗವೊಂದೇ.

ಹೋದ ವರ್ಷ ಸಾಫ್ಟ್‌ವೇರ್ ಬಂತು. ಅದನ್ನು ತಂದ ಸಮರ್ಥ, ಅರಮನೆ ದೀಪಗಳ ಸ್ವಿಚ್ಚು ತನ್ನ ಜೇಬಿನಲ್ಲೇ ಇದೆಯೆಂಬ ಗತ್ತಿನಲ್ಲಿ ವಿವರಿಸಿದ: "ಇನ್ಮೇಲೆ ಇದೇ ಎಲ್ಲರ ಮೊಬೈಲಿಗೂ ನೆನಪಿಸುತ್ತೆ ಸಾರ್. ಕೆಲಸ ಆದ್ರೆ ಹೆಸರಿನ ಮುಂದೆ ಹಸಿರು. ನೀವು ಸುಮ್ನೆ ನೋಡ್ತಿದ್ರೆ ಸಾಕು."

ಅವರು ನೋಡಿದರು. ಯಂತ್ರದ ನೆಪವಿಲ್ಲದೆ ಪರರ ಮನೆಯ ಹೆಂಗಸಿಗೆ ಫೋನ್ ಮಾಡಿ ಏನೆಂದು ಕೇಳುವುದು? ಒಂದೆರಡು ಸಲ ನಂಬರು ಒತ್ತಿ, ರಿಂಗಾಗುವ ಮುಂಚೆಯೇ ಇಟ್ಟರು. ಕೊನೆಗೊಂದು ಉಪಾಯ ಹೊಳೆಯಿತು. ಸೋಮವಾರ ಬಸಮ್ಮನ ಹೆಸರಿನ ಮುಂದೆ ಹಸಿರು ಬಿದ್ದರೆ ಆಕೆ ಚೆನ್ನಾಗಿದ್ದಾರೆಂದು ಅರ್ಥ. ಅದನ್ನು ನೋಡಿಕೊಂಡೇ ಊಟಕ್ಕೆ ಏಳುತ್ತಿದ್ದರು.

ಆಯುಧಪೂಜೆಯಲ್ಲಿ ಸಿಕ್ಕ ಬಸಮ್ಮ, ಕುಂಬಳಕಾಯಿ ಹೋಳು ಬದಿಗೆ ತಳ್ಳುತ್ತಾ, "ಕಂಪ್ಯೂಟ್ರು ಬಂದ್ಮೇಲೆ ದೊಡ್ಡೋರಾಗ್ಬುಟ್ರಿ ಬುಡಿ" ಎಂದರು. ಇವರು ನಕ್ಕರು. ಬರುವ ಸೋಮವಾರ ಫೋನ್ ಮಾಡಿಯೇಬಿಡುವುದೆಂದುಕೊಂಡರು. ಸೋಮವಾರ ಹಸಿರು ಬಿತ್ತು, ಮಾಡಲಿಲ್ಲ.

ಕಾರ್ತಿಕ ಕಳೆದ ಮೇಲೆ ಒಂದು ದಿನ ಆ ಜಾಗದಲ್ಲಿ ಮಹೇಶ್ ಎಂಬ ಹೆಸರಿತ್ತು. ರುದ್ರಸ್ವಾಮಿಯವರಿಗೆ ಖುಷಿಯೇ ಆಯಿತು. ಸಾಫ್ಟ್‌ವೇರಿನಲ್ಲಿ ತಪ್ಪು ಸಿಕ್ಕಿದೆ, ಅಂದರೆ ನೆಪ ಸಿಕ್ಕಿದೆ. ಗಂಟಲು ಸರಿಮಾಡಿಕೊಂಡು ವಿಭಾಗಕ್ಕೆ ಫೋನ್ ಮಾಡಿದರು. ಎತ್ತಿದವನು ಮಹೇಶನೇ.

"ಬಸಮ್ಮನೋರಿಗೆ ಕೊಡಪ್ಪ."

"ಅವ್ರು ತೀರ್ಕೊಂಬುಟ್ರಲ್ಲ ಸಾರ್, ದೀಪಾವಳಿಗೆ ಮುಂಚೇನೇ. ಎದೆನೋವು. ನಿಮಗ್ಯಾರೂ ಹೇಳ್ಲಿಲ್ವಾ?"

"ವಾರವಾರವೂ ಅವರ ಹೆಸರಲ್ಲಿ ಹಸಿರು ಬರ್ತಿತ್ತಲ್ಲಪ್ಪ."

"ಅವ್ರ ಲಾಗಿನ್ನಲ್ಲಿ ನಾನೇ ಒತ್ತುತಿದ್ದೆ ಸಾರ್. ನಂಗೆ ಬೇರೆ ಲಾಗಿನ್ ಕೊಟ್ಟಿದ್ದು ಇವತ್ತು."

ಅಂದು ಅವರು ಊಟಕ್ಕೆ ಏಳಲಿಲ್ಲ. ಮಧ್ಯಾಹ್ನ ಸಮರ್ಥ ಬಂದು, ಪರದೆ ತುಂಬ ಹಬ್ಬಿದ್ದ ಹಸಿರನ್ನು ತಾನೇ ನಾಟಿ ಮಾಡಿದ ಗದ್ದೆಯಂತೆ ಕಣ್ತುಂಬಿಕೊಂಡ.

"ಒಂದೂ ಬಾಕಿ ಇಲ್ಲ ನೋಡಿ. ಇಲವಾಲಕ್ಕೆ ಫೋನ್ ಮಾಡೋ ತಲೆನೋವೇ ತಪ್ಪಿತು. ಆರಾಮ್ ಅಲ್ವಾ ಸಾರ್?"

"ಮಾಡಿದ್ರೂ ಎತ್ತೋರಿಲ್ಲ ಕಣಯ್ಯ" ಎಂದರು ರುದ್ರಸ್ವಾಮಿ.